ಬೆಟ್ಟಕ್ಕೆ ಹೋಗಿಬಂದ ಮನೆಯಳಿಯ

ಹುಳಗಳು ನಾಲ್ಕನೇ ಜ್ವರಕ್ಕೆ ಕೂತದ್ದೇ ಬಯ್ಯಪ್ಪನ ಕಷ್ಟಕ್ಕೆ ಮೂಲ.

ರೇಷ್ಮೆಹುಳ ಸಾಕುವ ಮನೆಯಲ್ಲಿ ಮನುಷ್ಯರಿಗೆ ಬಿಡುವು ಅಂತ ಸಿಗುವುದು ಹುಳ ಜ್ವರಕ್ಕೆ ಕೂತಾಗ ಮಾತ್ರ. ಪೊರೆ ಬಿಡುವ ಮುಂಚೆ ಅವು ಸೊಪ್ಪು ಮುಟ್ಟುವುದಿಲ್ಲ, ಮಿಸುಕುವುದಿಲ್ಲ. ಮಂತ್ರಿಯ ಭಾಷಣಕ್ಕೆ ಲಾರಿಯಲ್ಲಿ ತಂದು ಕೂರಿಸಿದವರ ಹಾಗೆ ತಲೆಯೆತ್ತಿಕೊಂಡು ಸುಮ್ಮನೆ ಕೂತಿರುತ್ತವೆ. ಆ ಒಂದು ಹಗಲು ಯಾರು ಎಲ್ಲಿಗೆ ಬೇಕಾದರೂ ಹೋಗಬಹುದು. ಸಂಜೆ ಅವು ಏಳುವ ಹೊತ್ತಿಗೆ ಮಾತ್ರ ಮನೆಮಂದಿಯೆಲ್ಲ ಇರಬೇಕು. ಆಮೇಲೆ ಗೂಡು ಕಟ್ಟುವ ತನಕ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು.

ಶಿಡ್ಲಘಟ್ಟದ ಹತ್ತಿರದ ಆ ಊರಲ್ಲಿ ಗಂಗುಲಮ್ಮನಿಗೆ ಎರಡೆಕರೆ ಹಿಪ್ಪುನೇರಳೆ ತೋಟವಿತ್ತು, ವರಲಕ್ಷ್ಮಿ ಎಂಬ ಒಬ್ಬಳೇ ಮಗಳಿದ್ದಳು, ಗಂಡ ಇರಲಿಲ್ಲ. ಕೆಲಸಕ್ಕೆ ಆಳು ಬೇಕಾಗಿತ್ತು. ಮಗಳಿಗೆ ಮದುವೆ ಮಾಡಿದಳು. ಹಾಗೆ ಬಂದ ಮನೆಯಳಿಯ ಬಯ್ಯಪ್ಪ. ಬಂದ ದಿನದಿಂದ ಸೊಪ್ಪು ಕೊಯ್ದ, ಸೊಪ್ಪು ಹೊತ್ತ, ಸೊಪ್ಪು ಹಾಕಿದ. ಗಂಡ ಹೆಂಡತಿ ಮಲಗುತ್ತಿದ್ದದ್ದೂ ಹುಳದ ತಟ್ಟೆಗಳ ನಡುವೆಯೇ. ನಡುರಾತ್ರಿ ಸೊಪ್ಪು ಹಾಕಲು ಅತ್ತೆ ಲಾಟೀನು ಹಿಡಿದು ಬರುತ್ತಿದ್ದಳು. ಹುಳಕ್ಕೆ ವಾಸನೆ ಆಗುವುದಿಲ್ಲ ಎಂದು ಆ ಮನೆಯಲ್ಲಿ ಬೀಡಿ ಇಲ್ಲ, ಊದುಬತ್ತಿ ಇಲ್ಲ, ಪೌಡರ್ ಇಲ್ಲ. ಹೆಂಡತಿ ಮಲ್ಲಿಗೆ ಮುಡಿದದ್ದನ್ನು ಬಯ್ಯಪ್ಪ ಮದುವೆಯ ದಿನ ಬಿಟ್ಟರೆ ಮತ್ತೆ ನೋಡಿರಲಿಲ್ಲ.

ಈಗ ಅವನಿಗೆ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಗೊತ್ತಾಗಿತ್ತು. ಗೌರಿಬಿದನೂರಲ್ಲಿ ಒಂದು ರೂಮೂ ನೋಡಿಟ್ಟಿದ್ದ. ಗಂಗುಲಮ್ಮ ಬಹಳ ದಿನ ಮಾತು ಬಿಟ್ಟಿದ್ದು, ಕೊನೆಗೆ ಬೀದಿಯವರೆಲ್ಲ ಹೇಳಿದ ಮೇಲೆ ಒಪ್ಪಿದ್ದಳು.

"ಈ ಬೆಳೆ ಕೆಡದಂಗೆ ಗೂಡಾಗ್ಲಿ, ಆಮೇಲೆ ಕರ್ಕೊಂಡು ಹೋಗಪ್ಪ. ಕೆಟ್ರೆ ಮಾತ್ರ ರೂಮಿನ ಮಾತು ಎತ್ಬೇಡ."

ಬಯ್ಯಪ್ಪ ಅಂದಿನಿಂದ ಉಸಿರು ಬಿಗಿಹಿಡಿದು ಬದುಕುತ್ತಿದ್ದ. ಹುಳ ಜ್ವರಕ್ಕೆ ಕೂತ ಬೆಳಿಗ್ಗೆ ವರಲಕ್ಷ್ಮಿ ಅವನ ಕಿವಿಯಲ್ಲಿ, ನಂದಿ ಬೆಟ್ಟದಲ್ಲಿ ಫಾಲ್ಸ್ ಐತಂತೆ ಎಂದಳು. ರೂಮಿಗೆ ಹೋದಮೇಲೆ ನೀವು ಶಿಫ್ಟು ಅಂತೀರ, ಓಟಿ ಅಂತೀರ, ಇವತ್ತೇ ಹೋಗಣ ಎಂದಳು. ಗಂಡ ಹೆಂಡತಿ ಜೊತೆಯಾಗಿ ದೇವಸ್ಥಾನಕ್ಕೆ ಹೋಗಬಹುದು, ಆಸ್ಪತ್ರೆಗೆ ಹೋಗಬಹುದು. ಸುಮ್ಮನೆ ಬೆಟ್ಟ ನೋಡಲು ಹೋಗುವುದು ಸಿನಿಮಾದವರ ಕೆಲಸ ಎಂದು ಊರವರ ಲೆಕ್ಕ. ಅದಕ್ಕೇ ಬಯ್ಯಪ್ಪ, ಮಂಚೇನಹಳ್ಳಿಯಲ್ಲಿ ದೊಡ್ಡಮ್ಮ ಬಿದ್ದು ಕಾಲು ಮುರಿದುಕೊಂಡಿದ್ದಾಳೆ ಎಂದು ಅತ್ತೆಗೆ ಹೇಳಿದ.

ಬೆಟ್ಟದ ಮೇಲೆ ಫಾಲ್ಸ್ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಗೊತ್ತಿಲ್ಲ ಎಂದು ಯಾರೂ ಹೇಳಲಿಲ್ಲ. ಕಡಲೆಕಾಯಿ ಮಾರುವವಳು ಟಿಪ್ಪು ಡ್ರಾಪ್ ಕಡೆ ಕೈ ತೋರಿಸಿದಳು. ಅಲ್ಲಿ ಕೂತಿದ್ದ ಮುದುಕ, ಹಿಂದೆ ಇಲ್ಲಿಂದ ಮನುಷ್ಯರನ್ನ ಬೀಳಿಸ್ತಿದ್ರು, ನೀರು ಬಿದ್ದಿದ್ದು ನಾನು ನೋಡಿಲ್ಲ ಎಂದ. ಗುಡಿಯ ಪೂಜಾರಿ ಈ ಬೆಟ್ಟದಲ್ಲಿ ಹುಟ್ಟುವ ನದಿಗಳ ಹೆಸರನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು. ಎಲ್ಲೂ ನೀರೇ ಕಾಣಿಸಲ್ವಲ್ಲ ಸ್ವಾಮಿ ಎಂದರೆ, ಹುಟ್ಟುವುದು ಇಲ್ಲಿ, ಕಾಣಿಸುವುದು ಕೆಳಗೆ ಎಂದರು. ಬಯ್ಯಪ್ಪ ಕೆಳಗೆ ನೋಡಿದ. ಮೋಡ ಕಾಣಿಸಿತು.

ಹೋದ ದಾರಿಯಲ್ಲೇ ಹೋಗಿ, ಬಂದ ದಾರಿಯಲ್ಲೇ ಬಂದು, ಕೋತಿಗಳಿಗೂ ಇವರ ಮುಖ ಪರಿಚಯವಾದ ಮೇಲೆ, ಒಂದು ಗೆಸ್ಟ್ ಹೌಸಿನ ಹಿಂದೆ ದೊಡ್ಡ ಬಂಡೆ ಸಿಕ್ಕಿತು. ಬಂಡೆಯ ಮೇಲೆ ನೀರು ಹರಿದ ಕಪ್ಪು ಗುರುತಿತ್ತು. ಇದೇ ಇರಬೇಕು ಎಂದು ವರಲಕ್ಷ್ಮಿ ಬುಡದಲ್ಲಿ ಹೋಗಿ ನಿಂತಳು. ಅವಳು ತಲೆಯೆತ್ತುವುದಕ್ಕೂ ಮೇಲಿಂದ ದಬದಬ ನೀರು ಬೀಳುವುದಕ್ಕೂ ಸರಿಹೋಯಿತು. ಅವಳು ಕಿರುಚಿ ನಕ್ಕು ಗಂಡನನ್ನೂ ಎಳೆದುಕೊಂಡಳು. ಇಬ್ಬರೂ ಕಣ್ಣು ಮುಚ್ಚಿ ನೆನೆದರು. ಬಯ್ಯಪ್ಪ ನದಿ ಹುಟ್ಟುವುದನ್ನು ಕಂಡೇಬಿಟ್ಟೆ ಅಂದುಕೊಂಡು ಕೈಮುಗಿದ. ಅಷ್ಟರಲ್ಲಿ ನೀರು ಪಟ್ಟನೆ ನಿಂತಿತು. ಬಂಡೆಯ ಮೇಲಿಂದ ಕೈಯಲ್ಲಿ ಪೊರಕೆ ಹಿಡಿದವನೊಬ್ಬ ಬಗ್ಗಿ ನೋಡಿದ.

"ಪಕ್ಕಕ್ಕೆ ಹೋಗಮ್ಮ, ಟ್ಯಾಂಕ್ ತೊಳೀತಾ ಇದೀವಿ. ಇನ್ನೂ ಪಾಚಿ ನೀರು ಬಿಡೋದೈತೆ."

ಒದ್ದೆ ಬಟ್ಟೆಯವರನ್ನು ಬಸ್ಸಿನ ಕಂಡಕ್ಟರ್ ಹತ್ತಿಸಿಕೊಳ್ಳಲಿಲ್ಲ. ಸೀಟು ಹಾಳಾಗುತ್ತೆ, ಒಣಗಿಕೊಂಡು ಬನ್ನಿ ಎಂದ. ಮೆಟ್ಟಿಲು ಇಳಿದು, ಹಲ್ಲು ಕಟಕಟ ಕಡಿಯುತ್ತಾ ಇಬ್ಬರೂ ರಸ್ತೆಗೆ ಬಂದು ಬಹಳ ದೂರ ನಡೆದರು. ಹುಳ ಏಳುವ ಹೊತ್ತು ಹತ್ತಿರವಾಗುತ್ತಿತ್ತು. ರಸ್ತೆ ಪಕ್ಕದಲ್ಲಿ ಒಂದು ಬೀರ್ ಫ್ಯಾಕ್ಟರಿ, ಅದರ ಗೇಟಿನೊಳಗೆ ಒಂದು ಲಾರಿ. ಡ್ರೈವರ್ ಲಾಲ್ ಬಾಷಾ ಶಿಡ್ಲಘಟ್ಟದವನೇ, ಗೂಡಿನ ಮಾರ್ಕೆಟ್ಟಿನಲ್ಲಿ ಕಂಡ ಮುಖ. ಬೀರು ಬಸಿದ ಮೇಲೆ ಉಳಿಯುವ ಬಾರ್ಲಿಯ ಹೊಟ್ಟನ್ನು ಹಸು ಸಾಕುವವರಿಗೆ ಸಾಗಿಸುತ್ತಿದ್ದ. ಲೋಡ್ ಆಗೋ ತನಕ ನಿಂತಿರಿ, ಊರ ಬಾಗಿಲಿಗೇ ಬಿಡ್ತೀನಿ ಎಂದ.

ಗೇಟಿನ ಮುಂದೆ ನಿಂತರು. ತಲೆಯ ಮೇಲೆ ಆಳೆತ್ತರದ ಬಾಟಲಿಯ ಚಿತ್ರವಿದ್ದ ಬೋರ್ಡು. ಚಳಿಗೆ ವರಲಕ್ಷ್ಮಿ ತಲೆ ಬಿಚ್ಚಿಕೊಂಡು, ನೀರು ಸೋರಿಸುತ್ತಾ ಗಂಡನಿಗೆ ಒರಗಿದ್ದಳು. ಆಗಲೇ ದೇವನಹಳ್ಳಿ ಕಡೆಯಿಂದ ಬಂದ ಪ್ರೈವೇಟ್ ಬಸ್ಸಿನ ಕಿಟಕಿಯಲ್ಲಿ ಪಕ್ಕದ ಮನೆಯ ಅಕ್ಕಯ್ಯಮ್ಮ ಕಂಡಳು. ಅವಳು ಬಾಟಲಿ ನೋಡಿದಳು, ಬಯ್ಯಪ್ಪನನ್ನು ನೋಡಿದಳು, ಮತ್ತೆ ಬಾಟಲಿ ನೋಡಿದಳು. ಬಸ್ಸು ತಿರುವು ದಾಟುವ ತನಕ ಅವಳ ಕತ್ತು ಹೊರಗೇ ಇತ್ತು. ದೊಡ್ಡವರು ಕಂಡರೆ ಕೈಮುಗಿಯುವುದು ಬಯ್ಯಪ್ಪನ ಅಭ್ಯಾಸ. ಮುಗಿದೇಬಿಟ್ಟ.

ಕ್ಯಾಬಿನ್ನಿನಲ್ಲಿ ಲಾಲ್ ಬಾಷಾನ ಹೆಂಡತಿ, ಅವಳ ತಾಯಿ, ಎರಡು ಕೋಳಿ. ಇವರಿಗೆ ಉಳಿದದ್ದು ಹಿಂದಿನ ಜಾಗ, ಹೊಟ್ಟಿನ ಮೇಲೆ. ಹೊಟ್ಟು ಆಗತಾನೇ ತೆಗೆದದ್ದು, ಹಬೆಯಾಡುತ್ತಿತ್ತು, ಬಾಣಂತಿ ಕೋಣೆಯ ಹಾಗೆ ಬೆಚ್ಚಗಿತ್ತು. ವರಲಕ್ಷ್ಮಿ ಸೊಂಟದ ತನಕ ಹೂತುಕೊಂಡಳು, ಆಮೇಲೆ ಕತ್ತಿನ ತನಕ. ಬಯ್ಯಪ್ಪನೂ ಹೂತುಕೊಂಡ. ಮದುವೆಯಾದ ಮೇಲೆ ಮೊದಲ ಸಲ ಅವಳು ಹಗಲು ಹೊತ್ತು ಅವನ ಹೆಗಲ ಮೇಲೆ ತಲೆಯಿಟ್ಟು ಮಲಗಿದಳು. ಗೊರಕೆ ಹೊಡೆದಳು. ಅವನಿಗೆ ಸಂತೋಷವಾಯಿತು. ವಾಸನೆಯ ನೆನಪು ಅವನಿಗೆ ಬಂದದ್ದು ಚಿಕ್ಕಬಳ್ಳಾಪುರ ದಾಟಿದ ಮೇಲೆ, ಅದೂ ಹಿಂದೆ ಬರುತ್ತಿದ್ದ ಸ್ಕೂಟರಿನವನು ಮೂಗು ಮುಚ್ಚಿಕೊಂಡಾಗ.

ಊರ ಬಾಗಿಲಲ್ಲಿ ಇಳಿದು, ಸತ್ತೆ ಕಣಣ್ಣ, ಹುಳದ ಮನೆಗೆ ಹೆಂಗೆ ಹೋಗ್ಲಿ ಎಂದು ಬಯ್ಯಪ್ಪ ಗೋಳಾಡಿದ. ಲಾಲ್ ಬಾಷಾ ಒಳ್ಳೆಯ ಮನುಷ್ಯ. ಅರೆ ಭಾಯ್, ಇಷ್ಟೇನಾ ಎಂದು ಜೇಬಿನಿಂದ ಅತ್ತರಿನ ಸೀಸೆ ತೆಗೆದು ಅವನ ಕತ್ತಿಗೆ, ಕಂಕುಳಿಗೆ, ಅಂಗಿಗೆ ಪೂರ್ತಿ ಬಗ್ಗಿಸಿದ. ಹಸುವಿಗಿರಲಿ ಎಂದು ಒಂದು ಮೂಟೆ ಹೊಟ್ಟನ್ನೂ ಹೊರಿಸಿ, ಊರೆಲ್ಲ ಕೇಳುವ ಹಾಗೆ ಹಾರನ್ ಹೊಡೆದು ಹೋದ. ಈಗ ಬಯ್ಯಪ್ಪ ಬೀರಿನ ಅಂಗಡಿಯೊಳಗೆ ಉರುಸು ನಡೆದ ಹಾಗೆ ನಾರುತ್ತಿದ್ದ.

ಜಗಲಿಯ ಮೇಲೆ ಅಕ್ಕಯ್ಯಮ್ಮ ಕೂತಿದ್ದಳು. ಸುತ್ತ ಅರ್ಧ ಬೀದಿ ನೆರೆದಿತ್ತು. ಅವಳದು ಚಿಂತಾಮಣಿ ಕಡೆಯ ತವರು. ಖುಷಿಯಾದಾಗ ತೆಲುಗು ಬರುತ್ತಿತ್ತು, ಅಳಿಯ ಅಲ್ಲುಡು ಆಗುತ್ತಿದ್ದ.

"ಏಮಯ್ಯಾ ಅಲ್ಲುಡು, ಮಂಚೇನಹಳ್ಳಿಲಿ ಮುರಿದ ಕಾಲಿಗೆ ಬೀರಲ್ಲಿ ಪಟ್ಟು ಹಾಕ್ತಾರಾ?"

ಬಯ್ಯಪ್ಪ ನಿಜವನ್ನೇ ಹೇಳಿದ. ಬೆಟ್ಟ, ಪೂಜಾರಿ, ಟ್ಯಾಂಕು, ಕಂಡಕ್ಟರ್, ಹೊಟ್ಟು, ಅತ್ತರು, ಒಂದೂ ಬಿಡದೆ ಹೇಳಿದ. ಯಾರೂ ನಂಬಲಿಲ್ಲ. ಹೇಳುತ್ತಾ ಹೇಳುತ್ತಾ ಅವನಿಗೇ ನಂಬಿಕೆ ಕಡಿಮೆಯಾಗುತ್ತಾ ಬಂತು.

ಗಂಗುಲಮ್ಮ ಬಾಗಿಲಲ್ಲೇ ನಿಂತು ಗಾಳಿ ಮೂಸಿದಳು.

"ಕುಡ್ದಿದ್ದೀಯೋ ಬಿಟ್ಟಿದ್ದೀಯೋ ನಂಗೆ ಬೇಡ. ಹುಳ ಏಳ್ತಾ ಐತೆ. ಗೂಡಾಗೋ ಗಂಟ ಕೊಟ್ಟಿಗೆಲಿರು. ಆ ಮೂಟೆನೂ ತಗೊಂಡೋಗು."

ಮಗಳಿಗೆ ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ಮೀಯಿಸಿ ಒಳಗೆ ಕರೆದುಕೊಂಡಳು. ಸೊಪ್ಪು ಹಾಕಲು ಕೈ ಬೇಕಾಗಿತ್ತು. ಬಯ್ಯಪ್ಪ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಚಾಪೆ ಹಾಸಿ, ಹಾಗೇ ಕಂಬಳಿ ಹೊದ್ದು ಮಲಗಿದ. ಬಾವಿಯ ಹತ್ತಿರ ಹೋಗಿ ಎಷ್ಟು ಸಲ ಮಿಂದರೂ ಕಂಬಳಿಯ ವಾಸನೆ, ಮೂಟೆಯ ವಾಸನೆ ಮತ್ತೆ ಬಂದು ಅಂಟಿಕೊಳ್ಳುತ್ತಿತ್ತು. ಹೊಟ್ಟು ದಿನದಿಂದ ದಿನಕ್ಕೆ ಹುಳಿಯಾಯಿತು. ಹಸು ಒಮ್ಮೆ ಮೂಸಿ ಆ ಕಡೆ ತಿರುಗಿಕೊಂಡಿತು. ಈಗ ಬೆಳೆಗೆ ಏನಾದರೂ ತಪ್ಪು ತನ್ನ ತಲೆಗೇ ಬರುತ್ತದೆ, ರೂಮು ಹೋಗುತ್ತದೆ ಎಂದು ಹೆದರಿ, ಅವನು ಹುಳಗಳ ಆರೋಗ್ಯಕ್ಕಾಗಿ ದೇವರಿಗೆ ಹರಕೆ ಹೊತ್ತ.

ಆ ವಾರವೇ ಊರಿಗೆ ಊಜಿ ನೊಣ ನುಗ್ಗಿತು. ಈ ನೊಣ ಬೆಳೆದ ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಗೂಡು ಮುಗಿಯುವ ಮುಂಚೆಯೇ ಹುಳ ಕೊಳೆಯುತ್ತದೆ. ಅಕ್ಕಯ್ಯಮ್ಮನ ಬೆಳೆ ಹೋಯಿತು, ಆಚೆ ಮನೆಯದು ಹೋಯಿತು, ಬೀದಿಗೆ ಬೀದಿಯೇ ತಿಪ್ಪೆಗೆ ಹೋಯಿತು. ಗಂಗುಲಮ್ಮನ ಮನೆಯೊಳಗೆ ಮಾತ್ರ ಒಂದೇ ಒಂದು ನೊಣ ಬರಲಿಲ್ಲ. ಬಂದ ನೊಣವೆಲ್ಲ ಕೊಟ್ಟಿಗೆಯಲ್ಲಿತ್ತು. ಜನ ಬಂದು ನೋಡಿದರು. ಬಯ್ಯಪ್ಪನ ಕಂಬಳಿಯ ಮೇಲೆ, ಕಿವಿಯ ಮೇಲೆ, ಮೂಗಿನ ಮೇಲೆ ನೊಣಗಳು ಎಳ್ಳು ಚೆಲ್ಲಿದ ಹಾಗೆ ಕೂತಿದ್ದವು. ಓಡಿಸಿ ಓಡಿಸಿ ಸಾಕಾಗಿ ಅವನು ಬಾಯಿ ಮಾತ್ರ ಮುಚ್ಚಿಕೊಂಡು ಮಲಗಿದ್ದ.

ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ತುಂಬ ಬೆಳ್ಳಗೆ ಗಟ್ಟಿ ಗೂಡು. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಅಂಥ ರೇಟನ್ನು ಗಂಗುಲಮ್ಮ ಹಿಂದೆಂದೂ ಕಂಡಿರಲಿಲ್ಲ. ಬಯ್ಯಪ್ಪ ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಟ್ರಂಕಿಗೆ ಬೀಗ ಹಾಕಿ ಬಂದು ನಿಂತ. ಅತ್ತೆ ಮೊದಲು ಕೂರಿಸಿ ಒಬ್ಬಟ್ಟು ಬಡಿಸಿದಳು. ತುಪ್ಪವನ್ನೂ ಹಾಕಿದಳು.

ಅವನು ತಿನ್ನುತ್ತಿರುವಾಗಲೇ ಅಕ್ಕಯ್ಯಮ್ಮ ಬಂದಳು. ಧ್ವನಿ ಬಹಳ ಮೆತ್ತಗಿತ್ತು.

"ಮುಂದಿನ ಬೆಳೆಗೆ ಎರಡು ದಿವಸ ನಿನ್ನ ಅಳಿಯನ್ನ ಕೊಡೇ ಗಂಗುಲಮ್ಮ. ಊಟ ನಾನೇ ಹಾಕ್ತೀನಿ."

"ನಮಗೇ ಸಾಲಲ್ಲ ಕಣಕ್ಕ," ಎಂದಳು ಗಂಗುಲಮ್ಮ.

ಬಯ್ಯಪ್ಪ ಒಬ್ಬಟ್ಟು ಬಿಟ್ಟೆದ್ದು, ನೊಣ ಬಂದದ್ದು ತನಗಲ್ಲ, ಆ ಹುಳಿ ಮೂಟೆಗೆ ಎಂದು ಬಿಡಿಸಿ ಹೇಳಿದ. ಅಕ್ಕಯ್ಯಮ್ಮ ತಲೆಯಾಡಿಸಿದಳು. ಮೂಟೆಯನ್ನು ಅವಳು ಹಿಂದಿನ ದಿನವೇ ಕದ್ದೊಯ್ದು ತನ್ನ ಬಾಗಿಲಲ್ಲಿಟ್ಟು ನೋಡಿದ್ದಳಂತೆ. ಒಂದು ನೊಣವೂ ಕೂರಲಿಲ್ಲವಂತೆ.

"ಮೂಟೆಲಿ ಏನಿಲ್ಲಪ್ಪ. ನಿನ್ನ ಮೈಯಲ್ಲೇ ಐತೆ."

ಬಯ್ಯಪ್ಪ ಹೆಂಡತಿಯ ಮುಖ ನೋಡಿದ. ಅವಳು, ಇನ್ನುಮುಂದೆ ಪ್ರತಿ ಬೆಳೆಯ ನಾಲ್ಕನೇ ಜ್ವರಕ್ಕೂ ನಂದಿ ಬೆಟ್ಟಕ್ಕೆ ಹೋಗಿ, ಅದೇ ಫಾಲ್ಸಲ್ಲಿ ನೆನೆದು, ಅದೇ ಲಾರಿಯಲ್ಲಿ ಬರಬೇಕಂತೆ, ಬಸ್ ಚಾರ್ಜು ಅಮ್ಮನೇ ಕೊಡುತ್ತಂತೆ ಎಂದಳು. ಇಬ್ಬರಿಗೂನಾ ಎಂದು ಅವನು ಕೇಳಿದ. ಇಲ್ಲ, ನಿಮಗೊಬ್ಬರಿಗೆ ಎಂದಳು.

ಅವನು ಟ್ರಂಕು ಎತ್ತಿಕೊಂಡು, ಮಾತು ಕೊಟ್ಟಿದ್ರಿ ಅತ್ತೆ ಎಂದ. ಗಂಗುಲಮ್ಮ ಸಿಟ್ಟಾಗಲಿಲ್ಲ.

"ಹೋಗ್ಬೇಡ ಅಂತ ನಾನಂದ್ನಾ? ಮಹಾರಾಜನಂಗೆ ಹೋಗಪ್ಪ. ಮನೇಲಿ ಹುಳ ಇಲ್ದಿರೋ ದಿನ ನೋಡ್ಕೊಂಡು ಹೋಗು."

ಹೇಳುತ್ತಾ ಅವಳು ಗೋಡೆಯ ಕಡೆ ತಿರುಗಿ, ಆ ಬೆಳಿಗ್ಗೆಯಷ್ಟೇ ಮೊಟ್ಟೆಯೊಡೆದ ಮರಿಹುಳಗಳನ್ನು ಕೋಳಿ ಪುಕ್ಕದಿಂದ ಮೆಲ್ಲಗೆ ತಟ್ಟೆಗೆ ಇಳಿಸತೊಡಗಿದಳು.