ಕಬಡ್ಡಿ ಮುಷ್ಕರವನ್ನು ನಾನು ಬಗೆಹರಿಸಿದ ಬಗೆ

ಸರಿಯಾಗಿ ವಾದ ಮಾಡಿದರೆ ಬಗೆಹರಿಯದ ಜಗಳ ಈ ಭೂಮಿಯ ಮೇಲೆ ಇಲ್ಲ ಎಂದು ನಾನು ಇಪ್ಪತ್ತೊಂದನೇ ವಯಸ್ಸಿನವರೆಗೂ ನಂಬಿದ್ದೆ. ನಂಬಲು ಆಧಾರವೂ ಇತ್ತು. ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಸತತ ಮೂರು ವರ್ಷ ಚರ್ಚಾಸ್ಪರ್ಧೆಯ ಮೊದಲ ಬಹುಮಾನ ನನ್ನದೇ. ಪರವಾಗಿ ಮಾತಾಡು ಎಂದರೆ ಪರ, ವಿರೋಧ ಎಂದರೆ ವಿರೋಧ. ಚೀಟಿ ಎತ್ತುವವರೆಗೆ ನನಗೆ ಅಭಿಪ್ರಾಯವೇ ಇರುತ್ತಿರಲಿಲ್ಲ. ಎತ್ತಿದ ಮೇಲೆ ಪ್ರಾಣ ಹೋದರೂ ಬಿಡುತ್ತಿರಲಿಲ್ಲ! ದೇವರು, ಜಾತಕ, ರಾಹುಕಾಲ, ಬಸ್ ನಿಲ್ದಾಣದ ವೇಳಾಪಟ್ಟಿ, ಯಾವುದನ್ನೂ ಸಾಕ್ಷ್ಯವಿಲ್ಲದೆ ಒಪ್ಪುವವನಲ್ಲ. ಇಂಥವನೊಬ್ಬ ಇದ್ದರೆ ಊರಿಗೆ ಒಳ್ಳೆಯದು ಎಂಬುದು ನನ್ನ ಅಂದಾಜಾಗಿತ್ತು. ಊರಿನ ಅಂದಾಜನ್ನು ನಾನು ಕೇಳಿರಲಿಲ್ಲ.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ ಅದು. ಜಿಲ್ಲೆ ಎಂದ ಮೇಲೆ ಅದಕ್ಕೊಂದು ಕಬಡ್ಡಿ ಲೀಗ್ ಬೇಡವೇ ಎಂದು ನಾಲ್ಕು ಊರಿನ ನಾಲ್ವರು ಸಾಹುಕಾರರು ಸೇರಿ ನಾಲ್ಕು ತಂಡ ಕಟ್ಟಿದರು. ಆಟಗಾರರಿಗೆ ಬೆನ್ನ ಮೇಲೆ ಹೆಸರಿರುವ ಬನಿಯನ್, ಛಾಪಾ ಕಾಗದದ ಮೇಲೆ ಕರಾರು, ಪಂದ್ಯದ ದಿನ ಸಂಭಾವನೆ ಮತ್ತು ಚಿತ್ರಾನ್ನ. ಅಂದರೆ ಅಪ್ಪಟ ಪ್ರೊಫೆಷನಲ್! ಗೌರಿಬಿದನೂರಿನ ನಮಗಂತೂ ಸಂಜೆ ಐದಾದರೆ ಮೈದಾನ ಬಿಟ್ಟರೆ ಬೇರೆ ಲೋಕವಿರಲಿಲ್ಲ.

ಅದಕ್ಕೆ ಕಾರಣ ಆಂಜಿ. ನಮ್ಮ ಬೀದಿಯವನು, ಬಸ್ ಸ್ಟ್ಯಾಂಡ್ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಕೆಲಸ. ಎದುರಾಳಿಗಳ ಅಂಕಣಕ್ಕೆ ನುಗ್ಗಿದನೆಂದರೆ ಮುಟ್ಟದೆ ಬರುತ್ತಿರಲಿಲ್ಲ. ಅವನನ್ನು ಹಿಡಿಯಬಲ್ಲವನು ಇಡೀ ಲೀಗಿನಲ್ಲಿ ಒಬ್ಬನೇ, ಚಿಂತಾಮಣಿ ತಂಡದ ಬಾಬಾಜಾನ್. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡುತ್ತಿದ್ದ ಅವನ ಕೈಗೆ ಪಾದ ಸಿಕ್ಕಿತೆಂದರೆ ಮುಗಿಯಿತು. ಫೈನಲ್‌ಗೆ ಬಂದದ್ದೂ ಈ ಎರಡೇ ತಂಡ. ನಡೆಯಬೇಕಾದದ್ದು ನಮ್ಮೂರಿನಲ್ಲೇ!

ಆಗ ಅಭ್ಯಾಸದ ಆಟದಲ್ಲಿ ಬಾಬಾಜಾನನ ಮೊಣಕಾಲು ತಿರುಚಿಕೊಂಡಿತು. ಆಸ್ಪತ್ರೆಯ ಖರ್ಚು ಯಾರು ನೋಡಬೇಕು? ಚಿಂತಾಮಣಿ ತಂಡದ ಮಾಲೀಕರು ಟೊಮೆಟೊ ಮಂಡಿಯ ರೆಡ್ಡಿಯವರು. ಮಾಲೀಕರೆಲ್ಲರ ಮುಖಂಡರೂ ಅವರೇ. ಅವರು ಕರಾರು ತೆಗೆದು ನೋಡಿ, "ಇದರಾಗೆ ಕಾಲಿನ ವಿಷಯ ಎಲ್ಲೈತಪ್ಪಾ?" ಎಂದರು. ನಾಲ್ಕೂ ತಂಡದ ಆಟಗಾರರು ಅಂಕಣದಿಂದ ಹೊರಗೆ ಬಂದು ಕೂತರು. ಬಾಬಾಜಾನನ ಚಿಕಿತ್ಸೆ ಆಗಬೇಕು. ಪಂದ್ಯದ ದಿನ ಚಿತ್ರಾನ್ನ ಬೇಡ, ಮುದ್ದೆ ಕೋಳಿಸಾರು ಬೇಕು. ಅಲ್ಲಿಯವರೆಗೆ ಆಟವಿಲ್ಲ!

ಮೊದಲ ಭಾನುವಾರ ಫೈನಲ್ ನಡೆಯಲಿಲ್ಲ. ಕಡಲೆಕಾಯಿ ಪೊಟ್ಟಣ ಹಿಡಿದು ಮೈದಾನಕ್ಕೆ ಹೋದ ನಾವು, ಅಂಕಣದ ನಡುಗೆರೆಯ ಮೇಲೆ ಯಾರೋ ಕಟ್ಟಿದ್ದ ಮೂರು ಮೇಕೆಗಳನ್ನು ನೋಡಿಕೊಂಡು ಬಂದೆವು. ಎರಡನೇ ಭಾನುವಾರ ಮೇಕೆ ಐದಾಗಿದ್ದವು. ಸಂಜೆ ಹೊತ್ತು ಗಂಡಸರು ಮನೆಯಲ್ಲೇ ಉಳಿಯತೊಡಗಿ, ಧಾರಾವಾಹಿ ನೋಡುತ್ತಿದ್ದ ಹೆಂಗಸರಿಗೆ ಉಪದ್ರವ ಹೆಚ್ಚಾಯಿತು. ನಮ್ಮ ಬೀದಿಯ ಹೋಟೆಲಿನಲ್ಲಿ ದೋಸೆ ಹಾಕುವ ನಾಗಣ್ಣ ಕಾವಲಿಯ ಮುಂದೆ ನಿಂತು ಹಳೆಯ ಪಂದ್ಯಗಳನ್ನು ಬಾಯಲ್ಲೇ ಆಡಿ ತೋರಿಸುತ್ತಿದ್ದ. ಆಂಜಿ ಸಿಕ್ಕಿಬೀಳುವ ಘಟ್ಟ ಬಂದಾಗಲೆಲ್ಲ ದೋಸೆ ಸೀಯುತ್ತಿತ್ತು.

ಇನ್ನು ಸುಮ್ಮನಿರುವುದು ಪ್ರಜಾಪ್ರಭುತ್ವಕ್ಕೆ ಅಪಚಾರ ಎನಿಸಿತು. ಅಭಿಮಾನಿಗಳ ಸಂಘ ಸ್ಥಾಪಿಸಿದೆ. ಅಧ್ಯಕ್ಷ ನಾನು. ನಾನೇ ಮಂಡಿಸಿ, ನಾನೇ ಅನುಮೋದಿಸಿ ಪಾಸು ಮಾಡಿದ ಮೊದಲ ನಿರ್ಣಯ ಹೀಗಿತ್ತು: ಇಂದಿನಿಂದ ಅಭಿಮಾನಿಗಳೂ ಮುಷ್ಕರ ಹೂಡುತ್ತಾರೆ. ಒಂದು ಪಂದ್ಯಕ್ಕೂ ಹೋಗುವುದಿಲ್ಲ!

ಮನೆಗೆ ಬಂದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು.

"ಈಗ ಪಂದ್ಯ ನಡೀತೈತಾ?"

"ಇಲ್ಲ."

"ನಡೀದೇ ಇರೋ ಪಂದ್ಯಕ್ಕೆ ಹೋಗಲ್ಲ ಅಂತ ಮುಷ್ಕರನಾ?"

"ಇದು ನೈತಿಕ ಒತ್ತಡ ಕಣಮ್ಮ."

"ಸರಿ ಬಿಡಪ್ಪ. ಹಂಗಾದ್ರೆ ನಾನೂ ಇವತ್ತಿಂದ ಅಮೆರಿಕಾಕ್ಕೆ ಹೋಗಲ್ಲ. ಈ ಕಾಯಿ ಬಿಡ್ಸು."

ಬಿಡಿಸಿದೆ.

ಶುಕ್ರವಾರ ಸಂಜೆ ಆಂಜಿ ಮನೆ ಬಾಗಿಲಿಗೆ ಬಂದ. ಎಂದೂ ಬಂದವನಲ್ಲ. ಕೈಯೆಲ್ಲ ಟ್ಯೂಬಿನ ಕಪ್ಪು. ಹೊಸ್ತಿಲ ಹೊರಗೇ ನಿಂತು ಮೆತ್ತಗೆ ಹೇಳಿದ.

"ಸೂರಿ, ಈ ಭಾನುವಾರ ಬೆಂಗಳೂರಿಂದ ಒಬ್ರು ಬರ್ತಾವ್ರೆ ಕಣೋ. ಸರ್ಕಾರಿ ಇಲಾಖೆ ಟೀಮಿಗೆ ಹುಡುಗ್ರನ್ನ ಆರ್ಸೋರು. ಆಟ ನೋಡಿ ಒಪ್ಪಿದ್ರೆ ಕೆಲಸ. ನಂಗೆ ಇದೇ ಲಾಸ್ಟು. ಮುಂದಿನ ವರ್ಷಕ್ಕೆ ವಯಸ್ಸು ದಾಟ್ತೈತೆ."

"ಆದರೆ ಮುಷ್ಕರ ಇದೆಯಲ್ಲ ಅಣ್ಣ?"

"ಅದಕ್ಕೇ ಬಂದಿದ್ದು. ನಾಳೆ ಮಂಚೇನಹಳ್ಳೀಲಿ ಪಿ.ಟಿ. ಮೇಷ್ಟ್ರು ಎರಡೂ ಕಡೆಯೋರ್ನ ಕರೆಸವ್ರೆ. ಮಾತೆಲ್ಲ ಒಳಗೊಳಗೇ ಆಗೈತೆ. ಜನದ ಕಡೆಯಿಂದ ಒಬ್ರು ಇರ್ಲಿ ಅಂದ್ರು. ನಾನು ನಿನ್ನ ಹೆಸ್ರು ಹೇಳ್ದೆ."

ನನ್ನ ಎದೆ ಒಂದು ಅಂಗುಲ ಉಬ್ಬಿತು. ಆಂಜಿಗೆ ಅದು ಕಂಡಿರಬೇಕು.

"ನೋಡಪ್ಪಾ, ಬಂದು ಕೂತ್ಕೋ. ಎಲೆ ಅಡಿಕೆ ಕೊಡ್ತಾರೆ, ತಗೋ. ಎದ್ದು ಬಂದ್ಬಿಡಣ. ಅಷ್ಟೇ ಕೆಲಸ."

"ಅಷ್ಟೇನಾ?"

"ಅಷ್ಟೇ ಕಣೋ. ದಮ್ಮಯ್ಯ."

ನಾನು ಒಪ್ಪಿಕೊಂಡೆ. ಒಪ್ಪಿದ ಮೇಲೆ ಕೋಣೆಗೆ ಹೋಗಿ ಆರು ಪುಟ ಟಿಪ್ಪಣಿ ಬರೆದುಕೊಂಡೆ. ಒಂದು ವೇಳೆ ಬೇಕಾದರೆ ಇರಲಿ ಎಂದು!

ಮಂಚೇನಹಳ್ಳಿಯ ಗಂಗಪ್ಪ ಮೇಷ್ಟ್ರು ನಿವೃತ್ತರು. ಲೀಗಿನ ಅರ್ಧ ಆಟಗಾರರಿಗೆ ಕಬಡ್ಡಿ ಕಲಿಸಿದವರು, ಮಾಲೀಕರಿಗೂ ಬಾಲ್ಯದಲ್ಲಿ ಬೆತ್ತದ ರುಚಿ ತೋರಿಸಿದವರು. ಅವರ ಮನೆಯ ಜಗಲಿಯ ಮೇಲೆ ಒಂದು ಕಡೆ ರೆಡ್ಡಿಯವರು ಮತ್ತು ಉಳಿದ ಮಾಲೀಕರು, ಇನ್ನೊಂದು ಕಡೆ ಕಾಲು ನೀಡಿಕೊಂಡ ಬಾಬಾಜಾನ್ ಮತ್ತು ಆಟಗಾರರು. ನಡುವೆ ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆ. ನಮ್ಮ ಕಡೆ ಪಂಚಾಯಿತಿ ಮುಗಿದಾಗ ಎರಡೂ ಕಡೆಯವರು ಒಂದೇ ತಟ್ಟೆಯಿಂದ ಎಲೆ ತೆಗೆದುಕೊಳ್ಳುತ್ತಾರೆ. ತೆಗೆದುಕೊಂಡ ಮೇಲೆ ಆ ಮಾತು ಎತ್ತಕೂಡದು. ಯಾರು ಸರಿ, ಯಾರು ತಪ್ಪು ಎಂದು ಯಾರೂ ಹೇಳುವುದಿಲ್ಲ. ಹೇಳದೆ ಇರುವುದೇ ಅದರ ಗುಟ್ಟು.

ಅರ್ಧ ಗಂಟೆ ಮಳೆ, ಟೊಮೆಟೊ, ಯಾರದೋ ಮಗಳ ಮದುವೆ ಎಂದು ಮಾತಾಡಿದರು. ಕಬಡ್ಡಿಯ ಸುದ್ದಿಯೇ ಇಲ್ಲ! ಕೊನೆಗೆ ಮೇಷ್ಟ್ರು ಬನಿಯನ್ನಿನ ಮೇಲೆ ಟವೆಲ್ ಸರಿಮಾಡಿಕೊಂಡು, "ಕಾಲು ರೆಡ್ಡಿ ನೋಡ್ಕೋತಾನೆ. ಭಾನುವಾರ ಹುಡುಗ್ರು ಆಡ್ತಾರೆ. ಊಟಕ್ಕೆ ಮುದ್ದೆ ಸಾರು. ಯಾರೂ ಸೋತಿಲ್ಲ, ಯಾರೂ ಗೆದ್ದಿಲ್ಲ. ಎಲೆ ತಗೊಳ್ರಪ್ಪಾ" ಎಂದರು.

ರೆಡ್ಡಿಯವರು ತೆಗೆದುಕೊಂಡರು. ಬಾಬಾಜಾನ್ ತೆಗೆದುಕೊಂಡ. ಆಂಜಿ ಉಸಿರು ಬಿಟ್ಟದ್ದು ನನ್ನ ಕಿವಿಗೇ ಕೇಳಿಸಿತು. ತಟ್ಟೆ ನನ್ನ ಮುಂದೆ ಬಂತು.

ಓದುಗರೇ, ಈಗ ನನ್ನ ಸ್ಥಿತಿ ಯೋಚಿಸಿ. ಬರಹವಿಲ್ಲ, ಸಹಿಯಿಲ್ಲ, ನಿರ್ಣಯವಿಲ್ಲ. ಒಂದು ವೀಳ್ಯದೆಲೆ ಸಾಕ್ಷ್ಯವೇ? ಜೇಬಿನಲ್ಲಿ ಆರು ಪುಟ ಚುಚ್ಚುತ್ತಿದ್ದವು.

ನಾನು ಎದ್ದು ನಿಂತೆ.

"ಮಾನ್ಯ ಸಭಾಧ್ಯಕ್ಷರೇ!"

ಮೇಷ್ಟ್ರು ಬೆಚ್ಚಿ ಹಿಂದೆ ತಿರುಗಿ ನೋಡಿದರು. ಹಿಂದೆ ಗೋಡೆಯಿತ್ತು. ಆಂಜಿ ನನ್ನ ಪ್ಯಾಂಟು ಹಿಡಿದು ಜಗ್ಗಿದ. ಜಗ್ಗಿದರೆ ಕೂರುವವನು ಚರ್ಚಾಪಟುವೇ ಅಲ್ಲ.

"ಮಾಲೀಕರು ಚಿಕಿತ್ಸೆಗೆ ಒಪ್ಪಿದ್ದಾರೆ. ಒಪ್ಪಿದ್ದಾರೆ ಎಂದರೆ ಹೊಣೆ ತಮ್ಮದೆಂದು ಒಪ್ಪಿದಂತೆ. ಹೊಣೆ ತಮ್ಮದಾದರೆ ಎರಡು ವಾರ ಅದರಿಂದ ನುಣುಚಿಕೊಂಡರು ಎಂದಂತೆ. ಆದ್ದರಿಂದ ತಪ್ಪಿತಸ್ಥರಾದ ಮಾಲೀಕರು ಮೊದಲು ಸಮಸ್ತ ಅಭಿಮಾನಿಗಳ ಕ್ಷಮೆ ಕೇಳುವುದು ತರ್ಕಬದ್ಧ!"

ರೆಡ್ಡಿಯವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬೆರಳು ನಿಂತಿತು.

"ಎವರಪ್ಪಾ ಈ ಹುಡುಗ?" ಎಂದು ಅರ್ಧ ತೆಲುಗಿನಲ್ಲಿ ಕೇಳಿದರು. ಆ ಎಲೆಯನ್ನು, ಸುಣ್ಣದ ಸಮೇತ, ತಟ್ಟೆಗೆ ವಾಪಸು ಇಟ್ಟರು. "ನೀವು ಕರೆದ್ರಿ ಅಂತ ಬಂದೆ ಮೇಷ್ಟ್ರೇ. ಮೀಸೆ ಬರ್ದಿರೋನ ಕೈಲಿ ತಪ್ಪಿತಸ್ಥ ಅನ್ನಿಸ್ಕೊಳ್ಳಕ್ಕಲ್ಲ."

ತೆಗೆದುಕೊಂಡ ಎಲೆಯನ್ನು ತಟ್ಟೆಗೆ ಹಿಂದಿರುಗಿಸುವುದನ್ನು ಆ ಜಗಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಎಲ್ಲರೂ ತಟ್ಟೆಯನ್ನೇ ನೋಡುತ್ತಿದ್ದರು. ನನಗೆ ಗಾಬರಿಯಾಯಿತು. ಗಾಬರಿಯಾದಾಗ ಸಾಮಾನ್ಯ ಮನುಷ್ಯ ಬಾಯಿ ಮುಚ್ಚುತ್ತಾನೆ. ನಾನು ತರಬೇತಿ ಪಡೆದವನು! ವಾದ ಒಂದು ಕಡೆಗೆ ವಾಲಿದರೆ ಇನ್ನೊಂದು ಕಡೆಯ ತೂಕ ಹಾಕಬೇಕು. ಹಾಕಿದೆ.

"ಹಾಗೆಂದು ಆಟಗಾರರು ನಿರಪರಾಧಿಗಳಲ್ಲ! ಕರಾರನ್ನು ಓದದೆ ಸಹಿ ಮಾಡಿದವರು ಯಾರು? ಓದಿದ್ದರೆ ಕಾಲಿನ ವಿಷಯ ಇಲ್ಲವೆಂದು ಅಂದೇ ತಿಳಿಯುತ್ತಿರಲಿಲ್ಲವೇ? ಅಜ್ಞಾನ ಕಾನೂನಿನ ಮುಂದೆ ನೆಪವಾಗಲಾರದು!"

ಬಾಬಾಜಾನ್ ಗೋಡೆ ಹಿಡಿದು ನಿಧಾನವಾಗಿ ಎದ್ದ.

"ಓದಕ್ಕೆ ಬರಲ್ಲ ತಮ್ಮಾ, ಹೆಬ್ಬೆಟ್ಟು ಒತ್ತಿದ್ದು ನಿಜ. ಅದಕ್ಕೆ ಮೊಣಕಾಲು ಹೋಗ್ಲೇಬೇಕಿತ್ತಾ?"

ಅವನ ಎಲೆಯೂ ತಟ್ಟೆಗೆ ಬಂತು. ಒಬ್ಬೊಬ್ಬರಾಗಿ ಎಲ್ಲರದೂ ಬಂತು. ಉಳಿದ ನಾಲ್ಕು ಪುಟ ಓದುವ ಅಗತ್ಯವೇ ಬೀಳಲಿಲ್ಲ.

ಮೇಷ್ಟ್ರು ಕೂಗಾಡಲಿಲ್ಲ. "ಹದಿನೈದು ದಿವಸ ಮನೆಮನೆಗೆ ತಿರುಗಿ ಕಟ್ಟಿದ್ದೆ. ನಾಲ್ಕು ನಿಮಿಷದಾಗೆ ಬಿಚ್ಚಿದ್ಯಲ್ಲಯ್ಯಾ. ಯಾವ ಕಾಲೇಜು ನಿಂದು?" ಎಂದರು. ಕಾಲೇಜಿನ ಮಾನ ಉಳಿಸಲು ನಾನು ಮೊದಲ ಬಾರಿ ಮೌನ ವಹಿಸಿದೆ.

ಬಸ್ಸಿನಲ್ಲಿ ಆಂಜಿ ಕಿಟಕಿಯ ಕಡೆ ಮುಖ ಮಾಡಿ ಕೂತ. ಪಕ್ಕದಲ್ಲಿ ನಾನು.

"ತರ್ಕದಲ್ಲಿ ತಪ್ಪಿರಲಿಲ್ಲ ಅಲ್ವಾ ಅಣ್ಣ?" ಎಂದೆ.

ಕಂಡಕ್ಟರ್ ಬಂದು, "ಗೌರಿಬಿದನೂರು ಎರಡಾ?" ಎಂದ.

"ಒಂದು" ಎಂದ ಆಂಜಿ.

ಭಾನುವಾರ ಬೆಂಗಳೂರಿನವರು ಬಂದೇ ಬಂದರು. ಬಿಳಿ ಟೋಪಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಪುಸ್ತಕ. ಮೈದಾನದ ತುಂಬ ಜನ. ಸುದ್ದಿ ನಂಬದೆ ಬಂದವರು, ನಂಬಿಯೂ ಬಂದವರು, ನನ್ನನ್ನು ನೋಡಲೆಂದೇ ಬಂದವರು. ಆಡುವವರು ಮಾತ್ರ ಇಲ್ಲ. ಆಂಜಿ ಒಬ್ಬನೇ, ಒಗೆದ ಬನಿಯನ್ ಹಾಕಿಕೊಂಡು, ಬೇವಿನ ಮರದ ಕೆಳಗೆ ನಿಂತಿದ್ದ.

ಅವನು ನಿಂತಿದ್ದ ರೀತಿ ನೋಡಲಾಗಲಿಲ್ಲ. ಆಗ ನನಗೊಂದು ಪರ್ಯಾಯ ಹೊಳೆಯಿತು. ಆ ಬುದ್ಧಿ ಅಷ್ಟು ಹೊತ್ತಿಗೆ ಸತ್ತಿರಬೇಕಿತ್ತು, ಸತ್ತಿರಲಿಲ್ಲ! ಸಾಹೇಬರ ಮುಂದೆ ಕೈಮುಗಿದು, "ಸಾರ್, ತಾವು ನೋಡಬೇಕಾದ್ದು ಆಂಜಿಯ ಆಟ. ಎದುರಾಳಿಗಳನ್ನು ಅಭಿಮಾನಿಗಳ ಸಂಘ ಒದಗಿಸುತ್ತದೆ" ಎಂದೆ.

ಏಳು ಜನ ಇಳಿದೆವು. ದೋಸೆ ನಾಗಣ್ಣ ಲುಂಗಿ ಎತ್ತಿ ಕಟ್ಟಿದ. ಒಬ್ಬ ಅಂಚೆ ಕಚೇರಿಯವನು ಕನ್ನಡಕ ತೆಗೆದಿಟ್ಟು ಅಂಕಣವೇ ಕಾಣುತ್ತಿಲ್ಲ ಎಂದ. ಬಾಬಾಜಾನ್ ನಿಲ್ಲುವ ಮೂಲೆಯಲ್ಲಿ ನಾನು ನಿಂತೆ.

ಆಂಜಿ ಉಸಿರು ಕಟ್ಟಿ "ಕಬಡ್ಡಿ ಕಬಡ್ಡಿ" ಎನ್ನುತ್ತ ಒಳಗೆ ಬಂದ. ನಾಗಣ್ಣ ಅವನು ಮುಟ್ಟುವ ಮೊದಲೇ ಕೈಯೆತ್ತಿ ಹೊರಗೆ ನಡೆದ. ಕನ್ನಡಕದವನು ನನ್ನನ್ನು ಆಂಜಿ ಎಂದು ತಿಳಿದು ಸೊಂಟ ತಬ್ಬಿಕೊಂಡ. ನಾವಿಬ್ಬರೂ ಬಿದ್ದೆವು, ನಮ್ಮ ಮೇಲೆ ಇಬ್ಬರು ಬಿದ್ದರು. ಆಂಜಿ ಆ ರಾಶಿಯನ್ನು ಬೆರಳ ತುದಿಯಿಂದ ಮುಟ್ಟಿ, ನಡೆದುಕೊಂಡೇ ಗೆರೆಗೆ ಹೋದ. ಮೈ ಬೆವರಲೂ ಇಲ್ಲ. ಮೈದಾನವೆಲ್ಲ ನಗು. ಆಂಜಿ ತಲೆ ತಗ್ಗಿಸಿ ನಿಂತಿದ್ದ.

ಸಾಹೇಬರು ಪುಸ್ತಕ ಮುಚ್ಚಿದರು. "ಹುಡುಗ ಚೆನ್ನಾಗಿರಬಹುದು ಕಣಪ್ಪಾ. ಆದ್ರೆ ಹಿಡಿಯೋರೇ ಇಲ್ದಿದ್ರೆ ಏನಂತ ಬರೀಲಿ? ಇವರ ಎದುರು ನಾನೂ ಹೋಗಿ ಬರ್ತೀನಿ" ಎಂದು ಆಂಜಿಯ ಬೆನ್ನು ತಟ್ಟಿ ಕಾರು ಹತ್ತಿದರು.

ಮೂರು ವಾರದ ನಂತರ ಫೈನಲ್ ನಡೆಯಿತು. ಮೇಷ್ಟ್ರು ಮತ್ತೆ ಮನೆಮನೆಗೆ ಹೋದರಂತೆ, ಮತ್ತೆ ಎಲೆ ಕೊಟ್ಟರಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ಅದು ಯಾವ ಊರಿನಲ್ಲಿ, ಯಾವ ದಿನ ಎಂಬುದನ್ನು ನನಗೆ ತಿಳಿಯದಂತೆ ನೋಡಿಕೊಳ್ಳುವ ವಿಷಯದಲ್ಲಿ ಮಾಲೀಕರಿಗೂ ಆಟಗಾರರಿಗೂ ಮೊದಲ ದಿನವೇ ಒಮ್ಮತವಿತ್ತು. ಬಾಬಾಜಾನ್ ಕೋಲೂರಿಕೊಂಡು ಗೆರೆಯ ಹೊರಗೆ ಕೂತಿದ್ದ. ನಮ್ಮೂರು ಗೆದ್ದಿತು. ಆಂಜಿಯನ್ನು ಜನ ಹೆಗಲ ಮೇಲೆ ಹೊತ್ತರು. ನೋಡಿ ಬರೆದುಕೊಳ್ಳಲು ಬೆಂಗಳೂರಿನಿಂದ ಯಾರೂ ಬಂದಿರಲಿಲ್ಲ. ನಾನು ಗುಂಪಿನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ, ಸದ್ದಾಗದ ಹಾಗೆ.

ಮಾರನೆಯ ದಿನ ಕ್ಷಮೆ ಕೇಳಲು ಹೋದೆ. ಬರಿಗೈಲಿ ಹೋಗಲು ಮುಖವಿಲ್ಲದೆ ಸೈಕಲ್ ಚಕ್ರದ ಗಾಳಿ ನಾನೇ ಬಿಟ್ಟು ತಳ್ಳಿಕೊಂಡು ಹೋದೆ. ಆಂಜಿ ಏನೂ ಕೇಳದೆ ಪಂಪು ಹಾಕಿದ.

"ತಪ್ಪಾಯ್ತು ಅಣ್ಣ" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಮನುಷ್ಯನಾಗುತ್ತಿದ್ದೆ. "ಆದರೆ ಒಂದು ಮಾತು. ಮುಷ್ಕರವೇ ಆಗದಿದ್ದರೆ ಪಂಚಾಯಿತಿಯೇ ಇರುತ್ತಿರಲಿಲ್ಲ. ಆದ್ದರಿಂದ ಮೂಲ ಕಾರಣ ನಾನಲ್ಲ. ಎರಡನೆಯದಾಗಿ, ನನ್ನ ಹೆಸರು ಹೇಳಿದ್ದು ನೀನೇ. ಮೂರನೆಯದಾಗಿ, ಸಾಹೇಬರಿಗೆ ನಿಜವಾದ ಆಸಕ್ತಿ ಇದ್ದಿದ್ದರೆ ಇನ್ನೊಮ್ಮೆ ಬರಬಹುದಿತ್ತಲ್ಲ?"

ಆಂಜಿ ಚಕ್ರ ಒತ್ತಿ ನೋಡಿದ. ಪಂಪು ಗೋಡೆಗೆ ಒರಗಿಸಿದ. ಕೈ ಒರೆಸಿಕೊಂಡ.

"ಹೂಂ ಕಣಪ್ಪ ಸೂರಿ. ನೀನೇ ಗೆದ್ದೆ."

ವಾದದಲ್ಲಿ ಎದುರಿನವನು ಸೋಲೊಪ್ಪಿಕೊಂಡರೆ ತಲೆ ಎತ್ತಿ ನಡೆಯುವುದು ನನ್ನ ಪದ್ಧತಿ. ಅಂದು ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಸೈಕಲ್ಲನ್ನು ತಳ್ಳಿಕೊಂಡೇ ಬಂದೆ. ಗಾಳಿ ತುಂಬಿದೆ, ಹತ್ತಬಹುದು ಎಂಬುದು ಅಮ್ಮ ಕೇಳಿದ ಮೇಲೆಯೇ ನೆನಪಾಗಿದ್ದು.