ಕೊನೆಯ ಸಾಲಿನ ಕಿವಿ

ಕಿವಿ ಚುರುಕಾಗಿದೆ ಎಂದು ಮನೆಯಲ್ಲಿ ಹೇಳಿಕೊಳ್ಳಬಾರದು. ಅದಕ್ಕೂ ಒಂದು ಕೆಲಸ ಹಚ್ಚುತ್ತಾರೆ. ನಮ್ಮವರು ತೀರಿಕೊಂಡ ಮೇಲೆ ಮಹಾಂತೇಶ ನಗರದ ಈ ಮನೆಯ ಕಾವಲು ನನ್ನ ಕಿವಿಗಳದೇ ಎಂದು ಓಣಿಗೆಲ್ಲ ಸಾರಿದ್ದೆ.

ಮಗ ಶಶಿಧರ, ಸಭಾಭವನಗಳಲ್ಲಿ ಮಾತು ಗೊಂಯ್‌ಗುಡದೆ ಸ್ಪಷ್ಟವಾಗಿ ಕೇಳುವಂತೆ ಗೋಡೆ, ಛಾವಣಿ ಮಾಡಿಸುವವನು. ಖಾನಾಪುರದ ವಚನ ಬಳಗದ ಭವನ ಅವನ ಮೊದಲ ಸ್ವಂತ ಕೆಲಸ. ಮೈಕಿಲ್ಲದೆ ಕೊನೆಯ ಸಾಲಿಗೆ ಪ್ರತಿ ಮಾತೂ ಮುಟ್ಟಬೇಕು. ಇಲ್ಲವಾದರೆ ಛಾವಣಿಯ ಹಲಗೆಗಳನ್ನೆಲ್ಲ ಕೀಳಿಸಿ ಕೆಲಸ ಬೇರೆಯವರಿಗೆ ಎಂದಿದ್ದರು ಅಧ್ಯಕ್ಷ ಚನ್ನಬಸಯ್ಯನವರು.

"ಯವ್ವಾ, ನನ್ನ ಮಷೀನು ಪಾಸ್ ಅಂದೈತಿ. ಅವರಿಗೆ ಮನಷ್ಯಾರ ಕಿವೀನ ಬೇಕಂತ."

"ಅತ್ತಿ ಅದಾರಲ್ರೀ," ಎಂದಳು ಸೊಸೆ ಪ್ರಮಿಳಾ. "ನಾ ಅಂದದ್ದೂ ಕೇಳಸ್ತೈತಿ, ಅನ್ನಲಾರದ್ದೂ ಕೇಳಸ್ತೈತಿ."

(ಹೊಗಳಿಕೆ ಎಂದೇ ತಿಳಿದೆ.)

ಪರೀಕ್ಷೆಯ ದಿನ ಪ್ರಮಿಳಾ ಭವನದ ವೇದಿಕೆಯಲ್ಲಿ ವಚನದ ಪುಸ್ತಕ ಹಿಡಿದು ನಿಂತಳು. ಪಕ್ಕದಲ್ಲಿ ಚನ್ನಬಸಯ್ಯನವರು. ಕೊನೆಯ ಸಾಲಿನಲ್ಲಿ ನಾನು. ನನಗೆ ಅಕ್ಷರ ಅಷ್ಟಕ್ಕಷ್ಟೇ. ಕೇಳಿದ ಒಂದೊಂದು ಪದಕ್ಕೆ ಒಂದೊಂದು ಗೆರೆ ಎಳೆಯಬೇಕು. ಬಾಗಿಲಲ್ಲಿ ಮಗ ಉಗುರು ಕಚ್ಚುತ್ತಿದ್ದ. ನಾನು ಗೆರೆ ಎಳೆಯುತ್ತ ಹೋದೆ.

"ಎಷ್ಟಾತ್ರಿ ಅಕ್ಕಾರ?" ಎಂದು ಚನ್ನಬಸಯ್ಯನವರು ವೇದಿಕೆಯಿಂದಲೇ ಕೂಗಿದರು.

"ತೊಂಬತ್ತಾರು. ಒಂದೂ ಬಿಟ್ಟಿಲ್ಲ!"

"ಈಕಿ ಓದಿದ್ದು ಎಪ್ಪತ್ತೊಂದ ರೀ. ಕಡೀ ವಚನದ ಮೊದಲನೇ ಸಾಲ ಓದಿ, ಮುಂದ ಬರೇ ತುಟಿ ಅಲಗಾಡಸು ಅಂತ ನಾನ ಹೇಳಿದ್ನಿ. ಬಾಯಿಪಾಠ ಇದ್ದದ್ದು ಮನಸ್ಸಿಗೆ ಕೇಳಸ್ತೈತಿ, ಕಿವಿಗಲ್ಲ. ತಂಗಿ, ಗೊತ್ತಿಲ್ಲದ್ದು ಏನರೆ ಓದು."

ಪ್ರಮಿಳಾ ಚೀಲದಿಂದ ಹೊಸ ಮಿಕ್ಸರಿನ ಸೂಚನಾಪತ್ರ ತೆಗೆದಳು. ಮೂವತ್ತು ಮಾತು ಓದಿದಳಂತೆ. ನನ್ನ ಹಾಳೆಯಲ್ಲಿ ಒಂಬತ್ತೇ ಗೆರೆ. ಮಗ ಛಾವಣಿಯ ಹಲಗೆಗಳತ್ತ ನೋಡಿದ. ಇನ್ನೆರಡು ಎಳೆದುಬಿಡಲೇ ಎಂದು ಪೆನ್ಸಿಲ್ ಎತ್ತಿದೆ. ಕೇಳದ್ದಕ್ಕೆ ಕೈ ಓಡಲಿಲ್ಲ.

"ಹಲಗಿ ಕೀಳಸೂದ ಸೈ," ಎಂದು ಚನ್ನಬಸಯ್ಯನವರು ಬಂದು, ನನ್ನನ್ನು ಎಬ್ಬಿಸಿ, ತಾವೇ ಆ ಕುರ್ಚಿಯಲ್ಲಿ ಕುಳಿತರು. ಪ್ರಮಿಳಾ ಪತ್ರದ ಹಿಂದಿನ ಪುಟ ಓದಿದಳು. ಅವರು ಒಂದೊಂದು ಮಾತನ್ನೂ ತಿರುಗಿ ಒಪ್ಪಿಸಿದರು. ತಪ್ಪಿಲ್ಲ!

"ಶಶಿಧರ, ನಿನ್ನ ಭವನ ಪಾಸ್ ಆತು," ಎಂದು ನನ್ನತ್ತ ತಿರುಗಿದರು. "ನನಗೂ ನಿಮ್ಮಂಗ ಎಪ್ಪತ್ತೆರಡ ವರ್ಷ ರೀ ಅಕ್ಕಾರ."

ಸಂಜೆಯೊಳಗೆ ಮಗ, ಸೊಸೆ ಇಬ್ಬರೂ ಸೇರಿ ನನ್ನನ್ನು ಕ್ಯಾಂಪ್ ಬಡಾವಣೆಯ ಕಿವಿ ಡಾಕ್ಟರ ಮುಂದೆ ಕೂರಿಸಿದ್ದರು. ಡಾಕ್ಟರು ಎರಡೂ ಕಿವಿಗೆ ಮಷೀನಿನ ಹೆಡ್‌ಫೋನು ಹಾಕಿ, ಸಪ್ಪಳ ಕೇಳಿದಾಗೊಮ್ಮೆ ಕೈ ಎತ್ತಬೇಕೆಂದರು. ಈ ಸಲ ಸೋಲಬಾರದೆಂದು ಕಣ್ಣು ಮುಚ್ಚಿ, ಜೀವವನ್ನೆಲ್ಲ ಕಿವಿಗೆ ತಂದು ಕೂತೆ. ಸಣ್ಣಗೆ ಕುಂಯ್ ಎಂದಿತು. ಥಟ್ಟನೆ ಕೈ ಎತ್ತಿದೆ. ಮತ್ತೊಮ್ಮೆ ಕುಂಯ್. ಮತ್ತೆ ಎತ್ತಿದೆ.

ಡಾಕ್ಟರು ಮೆಲ್ಲಗೆ ನನ್ನ ಕೈ ಹಿಡಿದು ಇಳಿಸಿದರು.

"ಅಜ್ಜೀ, ನಾ ಇನ್ನೂ ಚಾಲೂನ ಮಾಡಿಲ್ರಿ."