ದಾಳಿಂಬೆಗೊಂದು ವಿಳಾಸ

ನಮ್ಮ ಬೀಗರನ್ನು ದಯವಿಟ್ಟು ಯಾರೂ ಊಟಕ್ಕೆ ಕರೆಯಬೇಡಿ! ಅವರು ಹೆಚ್ಚು ಉಣ್ಣುತ್ತಾರೆ ಎಂದಲ್ಲ. ಉಣ್ಣುವ ಮೊದಲು ವಿಚಾರಣೆ ನಡೆಸುತ್ತಾರೆ. ಪೊಲೀಸರೂ ಕಳ್ಳನನ್ನು ಅಷ್ಟು ಕೇಳುವುದಿಲ್ಲ, ಇವರು ಪಲ್ಯವನ್ನು ಕೇಳುತ್ತಾರೆ.

ನನ್ನ ಮಗಳನ್ನು ಅವರ ಮಗನಿಗೆ ಕೊಟ್ಟಿದ್ದೇವೆ. ಪಟ್ಟದಕಲ್ಲಿನ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಅವರ ಹೊಲ. ಮದುವೆಯಾದ ಹೊಸದರಲ್ಲಿ ಕಮತಗಿಯ ನಮ್ಮ ಮನೆಗೆ ಊಟಕ್ಕೆ ಬಂದರು. ನನ್ನ ಹೆಂಡತಿ ಬೆಳಗಿನಿಂದ ಒಲೆ ಮುಂದೆ ಕುಳಿತು ಎಣ್ಣೆಗಾಯಿ ಮಾಡಿದ್ದಳು. ಬೀಗರು ಬದನೆಕಾಯಿಯ ತೊಟ್ಟು ಹಿಡಿದು ಎತ್ತಿ ನೋಡಿದರು.

"ಅಕ್ಕಾರ, ಈ ಬದನಿಕಾಯಿ ಯಾರ ಹೊಲದ್ದು?"

"ಸಂತಿಯಾಗ ತಂದದ್ರಿ."

"ಸಂತಿಯಾಗ ಬದನಿ ಗಿಡ ಹಚ್ಯಾರೇನ್ರಿ?"

ಅಂದಿನಿಂದ ನನ್ನ ಹೆಂಡತಿ, ಬೀಗರು ಬರುವ ಸುದ್ದಿ ಸಿಕ್ಕರೆ ಸಾಕು, ಸಂತೆಯಲ್ಲಿ ಕಾಯಿಪಲ್ಯ ಮಾರುವವರ ಊರು, ಹೊಲ, ಬಾವಿ ಎಲ್ಲ ಕೇಳಿಕೊಂಡು ಬಂದು ಬಾಯಿಪಾಠ ಮಾಡುತ್ತಾಳೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಾನು ಅಷ್ಟು ಓದಿದ್ದರೆ ಇವತ್ತು ಎಲ್ಲಿರುತ್ತಿದ್ದೆನೋ!

ಇನ್ನೊಮ್ಮೆ ಬಾದಾಮಿ ಬಸ್‌ಸ್ಟ್ಯಾಂಡಿನ ಹೊರಗೆ ಬಾಳೆಹಣ್ಣು ಕೊಂಡೆವು. ಬೀಗರು ಹಣ್ಣು ಕೈಯಲ್ಲಿ ಹಿಡಿದು, ಇದು ಯಾವ ಊರಿನದು, ಯಾವಾಗ ಕಡಿದದ್ದು, ಹೇಗೆ ಮಾಗಿಸಿದ್ದು ಎಂದು ಅಂಗಡಿಯವನ ಬೆವರಿಳಿಸುತ್ತಿದ್ದರು. ಅಷ್ಟರಲ್ಲಿ ಮೇಲಿನಿಂದ ಮಂಗವೊಂದು ಇಳಿದು, ಹಣ್ಣು ಕಸಿದು, ಸಿಪ್ಪೆ ಸುಲಿದು, ನಮ್ಮೆದುರಿಗೇ ನುಂಗಿತು.

"ನೋಡ್ರಿ ಬೀಗರ, ಅದು ಏನೂ ಕೇಳಲಿಲ್ಲ. ತಿಂದು ಆರಾಮ ಐತಿ," ಎಂದೆ.

"ಅದಕ್ಕs ಅದು ಇನ್ನೂ ಮಂಗ್ಯಾ ಆಗೇ ಉಳದೈತಿ," ಎಂದರು!

ಇಂಥವರು ನನ್ನ ವ್ಯಾಪಾರಕ್ಕೇ ಕೈ ಹಾಕಿದರೆ ಏನಾಗಬೇಕು? ನಾನು ಸುತ್ತಲಿನ ರೈತರ ದಾಳಿಂಬೆ ಕೂಡಿಸಿ, ಆರಿಸಿ, ಪೆಟ್ಟಿಗೆಗೆ ತುಂಬಿ ಬೆಂಗಳೂರಿನ ಒಂದು ಕಂಪನಿಗೆ ಕಳಿಸುವವನು. ನಮ್ಮ ಶೆಡ್ಡಿನ ಪದ್ಧತಿಯೆಂದರೆ ಒಂದೇ ರಾಶಿ. ಹುನಗುಂದದ್ದಿರಲಿ, ಇಳಕಲ್ಲಿನದಿರಲಿ, ನನ್ನದೇ ತೋಟದ್ದಿರಲಿ, ಎಲ್ಲ ಹಣ್ಣನ್ನೂ ಒಂದೇ ತಾಡಪತ್ರಿಯ ಮೇಲೆ ಸುರಿಯುವುದು. ಇಲ್ಲಿ ಭೇದಭಾವವಿಲ್ಲ ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ. ಒಂದು ದಿನ ಶೆಡ್ಡಿಗೆ ಬಂದ ಬೀಗರು ಆ ರಾಶಿಯ ಮುಂದೆ, ಜಾತ್ರೆಯಲ್ಲಿ ಮಗುವನ್ನು ಕಳೆದುಕೊಂಡವರ ಹಾಗೆ ನಿಂತುಬಿಟ್ಟರು.

"ಇದರಾಗ ಒಂದು ಕೆಟ್ಟದ್ದು ಬಂತಂದ್ರ ಯಾರನ್ನ ಹಿಡೀತೀರಿ?"

"ಯಾರನ್ನೂ ಹಿಡಿಯಂಗಿಲ್ರಿ."

"ಹಂಗಾದ್ರ ಎಲ್ಲಾರನ್ನೂ ಹಿಡಿದಂಗಾತು. ಒಬ್ಬೊಬ್ಬರ ಹಣ್ಣು ಬ್ಯಾರೆ ಇಡ್ರಿ, ಪೆಟ್ಟಿಗಿ ಮ್ಯಾಲೆ ಚೀಟಿ ಹಚ್ಚರಿ."

"ದಾಳಿಂಬರಿಗೂ ಆಧಾರ್ ಕಾರ್ಡ್ ಮಾಡಸ್ತೀರೇನ್ರಿ?"

"ನಿಮಗೈತಿ. ನಿಮ್ಮ ಎಮ್ಮಿಗೂ ಕಿವ್ಯಾಗ ಬಿಲ್ಲೆ ಹಾಕ್ಯಾರ. ಹಣ್ಣೇನು ಪಾಪ ಮಾಡೈತಿ?"

ಮಗಳು ಮಾವನ ಪಕ್ಷ ಸೇರಿದಳು. ಅವಳೇ ಕುಳಿತು ಪ್ರತಿ ಪೆಟ್ಟಿಗೆಗೂ ಕಪ್ಪು ಬಿಳಿ ಚೌಕದ ಚೀಟಿ ತಯಾರಿಸಿದಳು. ಮೊಬೈಲ್ ಹಿಡಿದರೆ ರೈತನ ಹೆಸರು, ಊರು, ಔಷಧ ಹೊಡೆದ ದಿನ, ಹಣ್ಣು ಕಿತ್ತ ದಿನ, ಮೇಲೊಂದು ಫೋಟೋ. ಹಮಾಲರು ಗೊಣಗಿದರು. ನಾನು ಅವರಿಗಿಂತ ಹೆಚ್ಚು ಗೊಣಗಿದೆ.

ಆದರೆ ಸುಳ್ಳು ಹೇಳಬಾರದು, ಕೆಲವೇ ವಾರಗಳಲ್ಲಿ ವ್ಯಾಪಾರದ ಬಣ್ಣ ಬದಲಾಯಿತು. ಮೇಲೆ ದಪ್ಪ ಹಣ್ಣು, ಕೆಳಗೆ ಗೋಲಿ ಗಾತ್ರದ್ದು ಇಟ್ಟು ತರುತ್ತಿದ್ದವರು, ತಮ್ಮ ಫೋಟೋ ಪೆಟ್ಟಿಗೆಯ ಮೇಲೆ ಹೋಗುತ್ತದೆಂದು ತಿಳಿದ ಕೂಡಲೇ ಸಂತರಾದರು! ಕಂಪನಿಯವರು "ಹೋದ ಸಲ ಕಳಿಸಿದ್ದಿರಲ್ಲ, ಆ ರೈತರದೇ ಕಳಿಸಿ" ಎಂದು ಹೆಸರು ಹಿಡಿದು ಕೇಳತೊಡಗಿದರು. ದರವೂ ಸ್ವಲ್ಪ ಏರಿತು. ಬೆಂಗಳೂರಿನ ಹೆಣ್ಣುಮಗಳೊಬ್ಬಳು ಚೀಟಿಯಲ್ಲಿ ಬೀಗರು ಹಾಕಿಸಿದ್ದ ತಮ್ಮದೇ ನಂಬರಿಗೆ ಫೋನು ಮಾಡಿ, ಸೀರೆಗೆ ದಾಳಿಂಬೆ ಕಲೆಯಾಗಿದೆ, ಹೇಗೆ ತೆಗೆಯುವುದು ಎಂದು ಕೇಳಿದಳು.

"ಯಾವ ಸೀರಿ ಬೇ ತಂಗಿ?"

"ಇಳಕಲ್ ಸೀರೆ."

"ಕೆಂಪಂದು ಐತೇನು? ಹಂಗಾದ್ರ ತಗೀಬ್ಯಾಡ, ಹೊಂದತೈತಿ!"

ಇಷ್ಟು ನಗಿಸಿದ ಮೇಲೆ ನನ್ನ ಕತೆಗೆ ಬರಬೇಕು. ಅದು ನಗುವಂಥದ್ದಲ್ಲ.

ಔಷಧ ಹೊಡೆದ ಮೇಲೆ ಇಂತಿಷ್ಟು ದಿನ ಹಣ್ಣು ಕೀಳಬಾರದು. ಇದನ್ನು ಎಲ್ಲ ರೈತರಿಗೂ ಬೋಧಿಸುತ್ತಿದ್ದವನು ನಾನೇ. ಒಂದು ದಿನ ಲಾರಿ ತುಂಬಲಿಲ್ಲ. ಅರ್ಧ ಲಾರಿ ಕಳಿಸುವುದು ನನಗೆ ಅವಮಾನವೆನಿಸಿತು. ನನ್ನ ತೋಟಕ್ಕೆ ಆಗಷ್ಟೇ ಔಷಧ ಹೊಡೆಸಿದ್ದೆ. ಆದರೂ ಕೀಳಿಸಿ ತುಂಬಿಸಿದೆ. ಚೀಟಿಯಲ್ಲಿ ಔಷಧ ಹೊಡೆದ ದಿನವನ್ನು ಹಿಂದಕ್ಕೆ ಸರಿಸಿದೆ.

ಕಂಪನಿಯಿಂದ ಫೋನು ಬಂತು. ಪರೀಕ್ಷೆಯಲ್ಲಿ ಕೆಲವು ಪೆಟ್ಟಿಗೆಗಳ ಹಣ್ಣಿನಲ್ಲಿ ಔಷಧದ ಅಂಶ ಸಿಕ್ಕಿದೆ. ಚೀಟಿಯ ಫೋಟೋ ಕಳಿಸಿದ್ದೇವೆ, ಅದರಲ್ಲಿ ತಾರೀಖು ಸರಿಯಾಗೇ ಇದೆ. ಯಾರದು, ಹೇಗಾಯಿತು ಎಂದು ಇವತ್ತೇ ಖಚಿತವಾಗಿ ಹೇಳಿದರೆ ಅದನ್ನಷ್ಟೇ ತೆಗೆದಿಡುತ್ತೇವೆ. ಇಲ್ಲವಾದರೆ ಇಡೀ ಲಾರಿ ವಾಪಸ್ಸು, ಇನ್ನು ಮುಂದೆ ನಿಮ್ಮ ಶೆಡ್ಡಿನ ಹಣ್ಣೇ ಬೇಡ.

ಆ ಲಾರಿಯಲ್ಲಿ ಎಷ್ಟೊಂದು ಮನೆಗಳ ವರ್ಷದ ದುಡಿಮೆ ಇತ್ತು! ಬೀಗರು ಶೆಡ್ಡಿನಲ್ಲೇ ಇದ್ದರು. ಮೊಬೈಲ್ ನೋಡಿದರು. ನನ್ನ ಹೆಸರು, ನನ್ನ ಊರು, ನನ್ನದೇ ನಗುಮುಖದ ಫೋಟೋ.

"ಚೀಟಿ ಅದಲಬದಲ ಆಗಿರಬೇಕ್ರಿ," ಎಂದೆ. ನಾಲಿಗೆ ತಾನೇ ಹೊರಳಿತು. "ಇಳಕಲ್ಲಿನ ಆ ಹೊಸಾ ಹುಡುಗ ಅದಾನಲ್ರಿ, ಅವಂದs ಇರಬೇಕು."

ಬೀಗರು ಮೊಬೈಲನ್ನು ನನ್ನ ಕೈಗಿಟ್ಟರು. "ಹಂಗs ಹೇಳ್ರಿ ಅವರಿಗೆ. ನೀವು ಹೇಳಿದ್ರ ನಂಬತಾರ."

ನಂಬುತ್ತಾರೆ! ಅದೇ ಕಷ್ಟವಾಗಿತ್ತು. ಆ ಹುಡುಗ ಮೊದಲ ಬೆಳೆಯನ್ನು ನನ್ನನ್ನು ನಂಬಿ ತಂದಿದ್ದ. ನಂಬರು ಒತ್ತಿದೆ, ಆ ಕಡೆ ಫೋನು ಎತ್ತಿದರು. "ಚೀಟಿ ಬರೋಬ್ಬರಿ ಐತ್ರಿ. ಹಣ್ಣು ನಂದು. ದಿನ ಮುಗಿಯೂದರೊಳಗ ಕಿತ್ತೀನಿ, ತಾರೀಖು ಸುಳ್ಳು ಬರದೀನಿ," ಎಂದೆ.

ನನ್ನ ಪೆಟ್ಟಿಗೆಗಳು ಪಕ್ಕಕ್ಕೆ ಹೋದವು, ಉಳಿದವರ ಹಣ್ಣು ಉಳಿಯಿತು. ನನ್ನ ತೋಟದ್ದು ಮಾತ್ರ ಮುಂದಿನ ಬೆಳೆಯಲ್ಲಿ ಪರೀಕ್ಷೆಯಾಗಿ ಪಾಸಾಗುವವರೆಗೂ ಬೇಡ ಎಂದರು. ಇಳಕಲ್ಲಿಗೆ ನಾನೇ ಹೋಗಿ ಆ ಹುಡುಗನಿಗೆ ಎಲ್ಲ ಹೇಳಿದೆ. "ಹೋಗ್ಲಿ ಬಿಡ್ರಿ ಕಾಕಾ," ಎಂದ. ಅವನು ಬಿಟ್ಟ, ನನಗೆ ಬಿಡಲಾಗಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ.

ಬೀಗರು ಆ ವಿಷಯವನ್ನು ಮತ್ತೆ ಎತ್ತಲೇ ಇಲ್ಲ. ಈ ಸಲ ನನ್ನ ತೋಟದಲ್ಲಿ ಮತ್ತೆ ಹಣ್ಣು ಬಂದಿದೆ. ಮೊನ್ನೆ ಔಷಧ ಹೊಡೆಸಿದ ಮರುದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಔಷಧ ಬಿದ್ದ ಸಾಲುಗಳ ತುದಿಗೆಲ್ಲ ಕೆಂಪು ಬಟ್ಟೆಯ ಚೂರುಗಳು ಹಾರಾಡುತ್ತಿವೆ. ಯಾರೂ ಮರೆತು ಕೀಳದಿರಲಿ ಎಂದು ಗುರುತು. ಮೊದಲ ಬಸ್ಸಿಗೇ ಬಂದ ಬೀಗರು ಕೊನೆಯ ಸಾಲಿಗೆ ಗಂಟು ಹಾಕುತ್ತಿದ್ದರು. ತಲೆಯ ಮೇಲೆ ಎಂದಿನ ಕೆಂಪು ರುಮಾಲು ಇರಲಿಲ್ಲ. ಅದನ್ನೇ ಹರಿದಿದ್ದರು.

ನಮ್ಮ ಕಡೆ ರುಮಾಲೆಂದರೆ ಮಾನ. ಗಂಡಿನ ತಂದೆ ಹೆಣ್ಣಿನವರ ಹೊಲದಲ್ಲಿ ಬರಿತಲೆಯಲ್ಲಿ ನಿಲ್ಲುವುದೆಂದರೇನು, ನಮ್ಮವರಿಗೆ ಹೇಳಬೇಕಾಗಿಲ್ಲ.

"ಬೀಗರ, ಏನಿದು?" ಎಂದೆ.

"ಮತ್ತ ನಿಮ್ಮ ಹೆಸರು ಪೆಟ್ಟಿಗಿ ಮ್ಯಾಲೆ ಬರಬ್ಯಾಡೇನ್ರಿ?" ಎಂದರು, ಗಂಟಿನಿಂದ ಕಣ್ಣೆತ್ತದೆ.

ಬಿಸಿಲು ಏರುತ್ತಿತ್ತು. ಹೆಗಲ ಮೇಲಿನ ಟವೆಲು ತೆಗೆದು ಅವರ ತಲೆಗೆ ಸುತ್ತಿದೆ. ಮಗುವಿನ ಹಾಗೆ ತಲೆ ಬಗ್ಗಿಸಿ ಸುತ್ತಿಸಿಕೊಂಡರು.